ನಗೆಯೊಳಗೆ ಭಯವನ್ನು ಕರಗಿಸಿದ ಸುಕುಮಾರ ರಾಯ್

ಮಕ್ಕಳಿಗೆ ಭಯವೆಂಬುದು ಬೇಡವಾದ ವಸ್ತುವೂ ಹೌದು, ಬೇಕಾದ ವಸ್ತುವೂ ಹೌದು. ಯಕ್ಷಗಾನದ ನಾಡಾದ ಕಾಸರಗೋಡಿನ ಕಡೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ನಡುರಾತ್ರಿಯಲ್ಲಿ ತೆರೆಯ ಹಿಂದಿನಿಂದ ಬಣ್ಣದ ವೇಷದ ಅಬ್ಬರ ಕೇಳಿಸಿದೊಡನೆ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಮಗು, ಮರುಕ್ಷಣದಲ್ಲಿ ಆ ಸೆರಗಿನ ಸಂದಿಯಿಂದಲೇ ಇಣುಕಿ ನೋಡುತ್ತದೆ. ಮರುದಿನ ಅಂಗಳದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ತಾನೇ ರಾಕ್ಷಸನಾಗಿ ಕುಣಿಯುತ್ತದೆ. ಹೆದರಿಸಿದ್ದನ್ನೇ ಆಟದ ವಸ್ತುವನ್ನಾಗಿ ಮಾಡಿಕೊಳ್ಳುವ ಈ ಶಕ್ತಿ ಶಿಶುಸಹಜವಾದುದು. ದೊಡ್ಡವರಾಗುತ್ತ ನಾವು ಅದನ್ನು ಕಳೆದುಕೊಳ್ಳುತ್ತೇವೆ.

ಈ ಶಕ್ತಿಯನ್ನು ಕಡೆಯುಸಿರಿನವರೆಗೂ ಕಳೆದುಕೊಳ್ಳದೆ, ಅದನ್ನೇ ಪದ್ಯವಾಗಿ, ಕಥೆಯಾಗಿ, ಚಿತ್ರವಾಗಿ ಮಕ್ಕಳ ಕೈಗಿತ್ತ ಮಹನೀಯರೊಬ್ಬರು ವಂಗದೇಶದಲ್ಲಿ ಆಗಿಹೋದರು. ಅವರೇ ಸುಕುಮಾರ ರಾಯ್. ನಮ್ಮಲ್ಲಿ ಅನೇಕರು ಅವರನ್ನು ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರ ತಂದೆಯೆಂದು ಮಾತ್ರ ಬಲ್ಲೆವು. ಬಂಗಾಳದ ಮಗುವಾದರೋ ಸತ್ಯಜಿತ್ ರಾಯ್ ಅವರ ಹೆಸರನ್ನು ಕೇಳುವುದಕ್ಕೆ ಎಷ್ಟೋ ಮುಂಚೆ ಸುಕುಮಾರರ ಪದ್ಯಗಳನ್ನು ಬಾಯಿಪಾಠ ಮಾಡಿರುತ್ತದೆ. ಮೂವತ್ತಾರು ತುಂಬುವ ಮೊದಲೇ ಮುಗಿದುಹೋದ ಆ ಬಾಳಿನ ಕಥೆಯನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ಹಾಗೂ ಅವರ ಮಕ್ಕಳ ಮುಂದೆ ಇಡುವುದು ಉಚಿತವೆಂದು ತೋರಿತು.

ಮನೆತನ

ಸುಕುಮಾರರು ಜನಿಸಿದ್ದು 1887ರ ಅಕ್ಟೋಬರ್ 30ರಂದು, ಕಲ್ಕತ್ತೆಯಲ್ಲಿ. ತಂದೆ ಉಪೇಂದ್ರಕಿಶೋರ ರಾಯ್ ಚೌಧುರಿ. ಅವರು ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್ ಪ್ರಾಂತದ ಮಸೂಯಾ ಗ್ರಾಮದವರು. ಹುಟ್ಟುಹೆಸರು ಕಾಮದಾರಂಜನ. ಬಾಲ್ಯದಲ್ಲಿಯೇ ಬಂಧುಗಳಾದ ಜಮೀನುದಾರರೊಬ್ಬರಿಗೆ ದತ್ತುಹೋಗಿ ಉಪೇಂದ್ರಕಿಶೋರರಾದರು. ಚಿತ್ರಕಲೆ, ಪಿಟೀಲುವಾದನ, ಕಥಾರಚನೆ, ಮುದ್ರಣವಿಜ್ಞಾನ ಇವೆಲ್ಲವುಗಳಲ್ಲಿ ಸಮಾನ ಪರಿಶ್ರಮವುಳ್ಳವರು. ಮಕ್ಕಳಿಗಾಗಿ ತಾವು ಬರೆದ ರಾಮಾಯಣದ ಚಿತ್ರಗಳು ಮರದ ಅಚ್ಚಿನಲ್ಲಿ ವಿಕಾರವಾಗಿ ಮೂಡಿದ್ದನ್ನು ಕಂಡು ನೊಂದು, ಇಂಗ್ಲೆಂಡಿನಿಂದ ಉಪಕರಣಗಳನ್ನು ತರಿಸಿ, 1895ರಲ್ಲಿ ಸ್ವತಃ ಹಾಫ್‌ಟೋನ್ ಬ್ಲಾಕ್ ತಯಾರಿಕೆಯ ಉದ್ಯಮವನ್ನು ಆರಂಭಿಸಿದರು. ಮುಂದೆ ‘ಯು. ರಾಯ್ ಅಂಡ್ ಸನ್ಸ್’ ಎಂದು ಪ್ರಸಿದ್ಧವಾದ ಸಂಸ್ಥೆಯ ಮೂಲ ಇದೇ.

ತಾಯಿ ವಿಧುಮುಖಿ ದೇವಿಯವರು ಬ್ರಾಹ್ಮಸಮಾಜದ ಸುಧಾರಕ ದ್ವಾರಕಾನಾಥ ಗಂಗೂಲಿಯವರ ಮಗಳು. ದ್ವಾರಕಾನಾಥರ ದ್ವಿತೀಯ ಪತ್ನಿ ಕಾದಂಬಿನಿ ಗಂಗೂಲಿಯವರು ಭಾರತದ ಮೊತ್ತಮೊದಲ ಮಹಿಳಾ ವೈದ್ಯರಲ್ಲೊಬ್ಬರು. ಕಾರ್ನ್‌ವಾಲಿಸ್ ಬೀದಿಯ 13ನೆಯ ಸಂಖ್ಯೆಯ ದೊಡ್ಡ ಮನೆಯಲ್ಲಿ ಈ ಎರಡು ಸಂಸಾರಗಳೂ ವಾಸವಾಗಿದ್ದವು. ವಿದ್ಯೆ, ಕಲೆ, ಸಂಗೀತ, ಸಮಾಜಸುಧಾರಣೆ ಎಲ್ಲವೂ ಒಂದೇ ಸೂರಿನಡಿಯಲ್ಲಿದ್ದ ಇಂತಹ ವಾತಾವರಣದಲ್ಲಿ ಆರು ಮಂದಿ ಮಕ್ಕಳು ಬೆಳೆದರು. ಅಕ್ಕ ಸುಖಲತಾ, ತಂಗಿ ಪುಣ್ಯಲತಾ ಇಬ್ಬರೂ ಮುಂದೆ ಮಕ್ಕಳ ಲೇಖಕಿಯರೆಂದು ಹೆಸರಾದರು.

ಬಾಲ್ಯದ ವಿಚಿತ್ರ ಪ್ರಾಣಿಗಳು

ಪುಣ್ಯಲತಾ ಅವರು ಬರೆದಿಟ್ಟ ಬಾಲ್ಯಸ್ಮರಣೆಗಳಿಂದ ಅಣ್ಣನ ಎಳೆತನದ ಪರಿಚಯ ನಮಗಾಗುತ್ತದೆ. ತಂದೆಯ ಬಳಿ ಪ್ರಾಣಿಗಳ ಚಿತ್ರಗಳಿದ್ದ ದೊಡ್ಡದೊಂದು ಪುಸ್ತಕವಿತ್ತು. ಸುಕುಮಾರರು ಅದನ್ನು ತೆರೆದು ತಮ್ಮ ತಂಗಿಯರಿಗೆ ಕಥೆ ಹೇಳುತ್ತಿದ್ದರು. ಪುಸ್ತಕದ ಪ್ರಾಣಿಗಳು ಮುಗಿದ ಮೇಲೆ ತಮ್ಮವೇ ಪ್ರಾಣಿಗಳು ಹೊರಡುತ್ತಿದ್ದವು. ದೊಡ್ಡ ಮೈಯನ್ನು ತೂಗಿಕೊಂಡು ನಡೆಯುವ ಭವಂದೋಲ ಎಂಬುದೊಂದು. ಸಣಕಲು ಕತ್ತನ್ನು ಗಂಟುಹಾಕಿಕೊಳ್ಳಬಲ್ಲ ಮಂತುಪಾಯಿನ್ ಎಂಬುದು ಮತ್ತೊಂದು. ಕತ್ತಲ ಮೂಲೆಯಲ್ಲಿ ಗೋಡೆಗೆ ಜೋತುಬಿದ್ದಿರುವ ದುಂಡುಮುಖದ ಕೋಂಪು ಇನ್ನೊಂದು. ಕತ್ತಲೆಯ ಮೂಲೆಯೆಂದರೆ ಹೆದರುವ ಮಕ್ಕಳು ಈ ಕೋಂಪು ಅಲ್ಲಿದೆಯೋ ಇಲ್ಲವೋ ಎಂದು ನೋಡಲು ತಾವಾಗಿ ಹೋಗುವಂತೆ ಮಾಡಿದ ಕಥೆಗಾರನಿಗೆ ಆಗಿನ್ನೂ ಹತ್ತರ ಆಸುಪಾಸಿನ ವಯಸ್ಸು.

ಅವರು ಕಲ್ಪಿಸಿದ ಆಟವೊಂದು ವಿಶೇಷವಾಗಿ ಗಮನಾರ್ಹ. ಅದಕ್ಕೆ ಕೋಪ ಕಟ್ಟುವ ಆಟವೆಂದು ಹೆಸರು. ಯಾರ ಮೇಲಾದರೂ ಸಿಟ್ಟು ಬಂದರೆ, ಆ ವ್ಯಕ್ತಿಗೆ ಒದಗಿದ ಹಾಸ್ಯಾಸ್ಪದ ಪೇಚುಗಳ ಕಥೆಯನ್ನು ಮಕ್ಕಳೆಲ್ಲ ಸೇರಿ ಒಂದೊಂದು ಎಳೆಯಾಗಿ ಕಟ್ಟಬೇಕು. ಒಂದು ನಿಯಮವಿತ್ತು: ಕಥೆಯಲ್ಲಿ ದ್ವೇಷದ ಮಾತಾಗಲಿ ಪೆಟ್ಟಾಗಲಿ ಬರಕೂಡದು. ಕಥೆ ಮುಗಿಯುವ ಹೊತ್ತಿಗೆ ಎಲ್ಲರೂ ನಕ್ಕುನಕ್ಕು ಸುಸ್ತಾಗಿ, ಸಿಟ್ಟು ಎಲ್ಲಿಯೋ ಹೋಗಿರುತ್ತಿತ್ತು. ಸುಕುಮಾರರ ಸಮಗ್ರ ಸಾಹಿತ್ಯದ ಬೀಜ ಈ ಆಟದಲ್ಲಿದೆ ಎಂದರೆ ತಪ್ಪಾಗಲಾರದು.

ಕೈಬರಹದ ಪತ್ರಿಕೆ

ಸಿಟಿ ಸ್ಕೂಲಿನಲ್ಲಿ ಶಾಲಾವಿದ್ಯಾಭ್ಯಾಸವನ್ನು ಮುಗಿಸಿ, ಸುಕುಮಾರರು ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, 1906ರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳೆರಡರಲ್ಲಿಯೂ ಆನರ್ಸ್ ಸಹಿತ ಬಿ.ಎಸ್‌ಸಿ. ಪದವಿಯನ್ನು ಪಡೆದರು. ವಿಜ್ಞಾನದ ಇಂತಹ ವಿದ್ಯಾರ್ಥಿ ಅದೇ ಕಾಲದಲ್ಲಿ ಗೆಳೆಯರನ್ನೂ ಬಂಧುಗಳನ್ನೂ ಕೂಡಿಸಿ ‘ನಾನ್‌ಸೆನ್ಸ್ ಕ್ಲಬ್’ ಎಂಬ ಕೂಟವನ್ನು ಸ್ಥಾಪಿಸಿದರು. ಕೂಟಕ್ಕೊಂದು ಕೈಬರಹದ ಪತ್ರಿಕೆಯಿತ್ತು. ಮೂವತ್ತೆರಡೂವರೆ ಬಗೆಯ ಕುರುಕಲು ತಿಂಡಿ ಎಂಬರ್ಥ ಬರುವಂತೆ ಅದಕ್ಕೆ ‘ಸಾಡೇ ಬತ್ರಿಶ್ ಭಾಜಾ’ ಎಂದು ಹೆಸರಿಟ್ಟಿದ್ದರು. ಸಂಪಾದಕರೂ ಚಿತ್ರಕಾರರೂ ಸುಕುಮಾರರೇ. ಕೂಟದವರು ಆಡುವುದಕ್ಕೆಂದು ಅವರು ಬರೆದ ಪ್ರಹಸನಗಳಲ್ಲಿ ರಾಮಾಯಣದ ವೀರರೇ ನಗೆಪಾತ್ರಗಳಾಗಿ ರಂಗಕ್ಕೆ ಬಂದರು. ಬೆಲೆಬಾಳುವ ವೇಷಭೂಷಣಗಳಾಗಲಿ ಪರದೆಗಳಾಗಲಿ ಇರಲಿಲ್ಲ. ಮಾತಿನ ಬಲವೊಂದರಿಂದಲೇ ನಾಟಕ ಗೆಲ್ಲುತ್ತಿತ್ತು.

ಶಾಲೆಗಳಲ್ಲಿ ಕೈಬರಹದ ಪತ್ರಿಕೆಗಳನ್ನು ಹೊರಡಿಸಿದ ಅನುಭವವುಳ್ಳ ಓದುಗರು ಇಲ್ಲಿ ಒಂದು ವಿಷಯವನ್ನು ಮನಗಾಣಬಹುದು. ಒಂದೇ ಒಂದು ಪ್ರತಿಯ ಆ ಪತ್ರಿಕೆಯಲ್ಲಿ ಅಭ್ಯಾಸವಾದ ಕೈಯೇ ಮುಂದೆ ಬಂಗಾಳದ ಮನೆಮನೆಯ ಮಕ್ಕಳಿಗೆ ಬರೆಯಿತು. ಚಿತ್ರಕಲೆಯನ್ನು ಅವರು ಯಾವ ಶಾಲೆಯಲ್ಲಿಯೂ ಕ್ರಮವಾಗಿ ಕಲಿತವರಲ್ಲ ಎಂಬುದೂ ಸ್ಮರಣೀಯ.

ವಿಲಾಯಿತಿಯ ವಿದ್ಯಾಭ್ಯಾಸ

1911ರ ಅಕ್ಟೋಬರಿನಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದ ಗುರುಪ್ರಸನ್ನ ಘೋಷ್ ವಿದ್ಯಾರ್ಥಿವೇತನವನ್ನು ಪಡೆದು ಸುಕುಮಾರರು ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಮುದ್ರಣಕಲಾ ಶಾಲೆಯಲ್ಲಿಯೂ ಅನಂತರ ಮ್ಯಾಂಚೆಸ್ಟರಿನ ತಾಂತ್ರಿಕ ಶಾಲೆಯಲ್ಲಿಯೂ ಛಾಯಾಚಿತ್ರ ಮುದ್ರಣದ ಶಾಸ್ತ್ರವನ್ನು ಅಭ್ಯಾಸ ಮಾಡಿದರು.

ಈ ಶಾಸ್ತ್ರದ ತಿರುಳನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮುದ್ರಣಯಂತ್ರಕ್ಕೆ ಗೊತ್ತಿರುವುದು ಎರಡೇ ಸ್ಥಿತಿ. ಮಸಿ ತಗಲುವುದು ಅಥವಾ ತಗಲದಿರುವುದು. ಛಾಯಾಚಿತ್ರದಲ್ಲಿಯಾದರೋ ಬಿಳುಪಿಗೂ ಕಪ್ಪಿಗೂ ನಡುವೆ ನೂರಾರು ಛಾಯೆಗಳಿರುತ್ತವೆ. ಅತಿ ಸೂಕ್ಷ್ಮವಾದ ಅಡ್ಡನೀಟ ಗೆರೆಗಳುಳ್ಳ ಗಾಜಿನ ತೆರೆಯೊಂದರ ಮೂಲಕ ಚಿತ್ರವನ್ನು ಹಾಯಿಸಿದರೆ ಅದು ಚುಕ್ಕೆಗಳಾಗಿ ಒಡೆಯುತ್ತದೆ. ಕಪ್ಪಾದೆಡೆಯಲ್ಲಿ ದೊಡ್ಡ ಚುಕ್ಕೆ, ತಿಳಿಯಾದೆಡೆಯಲ್ಲಿ ಸಣ್ಣ ಚುಕ್ಕೆ. ದೂರದಿಂದ ನೋಡುವ ಕಣ್ಣು ಚುಕ್ಕೆಗಳನ್ನು ಮರೆತು ಚಿತ್ರವನ್ನು ಮಾತ್ರ ಕಾಣುತ್ತದೆ. ಇದೇ ಹಾಫ್‌ಟೋನ್ ವಿಧಾನ. ಆ ತೆರೆಯನ್ನು ಎಷ್ಟು ದೂರದಲ್ಲಿ ಇಡಬೇಕು, ಬೆಳಕಿನ ಕಿಂಡಿ ಎಷ್ಟಿರಬೇಕು ಎಂಬ ಗಣಿತವನ್ನು ತಂದೆ ಉಪೇಂದ್ರಕಿಶೋರರು ಕಲ್ಕತ್ತೆಯಲ್ಲಿ ಕುಳಿತೇ ಸಂಶೋಧಿಸಿ, ಇಂಗ್ಲೆಂಡಿನ ‘ಪೆನ್‌ರೋಸ್ ಆನ್ಯುಯಲ್’ ಎಂಬ ಮುದ್ರಣ ವಾರ್ಷಿಕದಲ್ಲಿ ಲೇಖನಗಳನ್ನು ಪ್ರಕಟಿಸಿದ್ದರು. ಮಗನೂ ಅದೇ ವಾರ್ಷಿಕಕ್ಕೆ ಬರೆದರು. 1922ರಲ್ಲಿ ಲಂಡನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯು ಸುಕುಮಾರರನ್ನು ತನ್ನ ಫೆಲೋ ಆಗಿ ಆರಿಸಿಕೊಂಡಿತು.

ಸುಕುಮಾರರು ಲಂಡನ್ನಿನಲ್ಲಿದ್ದಾಗಲೇ, 1912ರಲ್ಲಿ, ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದರು. ಕವಿಯು ಉಪೇಂದ್ರಕಿಶೋರರ ಆತ್ಮೀಯ ಮಿತ್ರರು. ಸುಕುಮಾರರ ಮೇಲೆ ಅವರಿಗೆ ಪುತ್ರವಾತ್ಸಲ್ಯ. ನೊಬೆಲ್ ಬಹುಮಾನ ಬರುವುದಕ್ಕೆ ಮುಂಚೆಯೇ ಅಲ್ಲಿನ ಒಂದು ಸಭೆಯಲ್ಲಿ ಸುಕುಮಾರರು ರವೀಂದ್ರರ ಕಾವ್ಯಸತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧವನ್ನು ಓದಿದರು. ಅದು 1913ರಲ್ಲಿ ‘ದಿ ಕ್ವೆಸ್ಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಸ್ವದೇಶಕ್ಕೆ ಮರಳಿದ ಸುಕುಮಾರರು ಸುಪ್ರಭಾ ಅವರನ್ನು ವಿವಾಹವಾದರು. ಇಂಪಾದ ಕಂಠದ ಗಾಯಕಿ ಆಕೆ.

‘ಸಂದೇಶ’

1913ರ ವೈಶಾಖದಲ್ಲಿ, ಮಗ ಇನ್ನೂ ಇಂಗ್ಲೆಂಡಿನಲ್ಲಿರುವಾಗಲೇ, ಉಪೇಂದ್ರಕಿಶೋರರು ‘ಸಂದೇಶ’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಪ್ರಾರಂಭಿಸಿದ್ದರು. ಬಂಗಾಳಿಯಲ್ಲಿ ಸಂದೇಶವೆಂದರೆ ಸುದ್ದಿಯೂ ಹೌದು, ಬಾಯಲ್ಲಿ ಕರಗುವ ಸಿಹಿತಿಂಡಿಯೂ ಹೌದು. ಹೆಸರಿನಲ್ಲಿದ್ದ ಶ್ಲೇಷೆ ಪತ್ರಿಕೆಯ ಧೋರಣೆಯನ್ನೂ ಸೂಚಿಸುತ್ತಿತ್ತು. ಗಾರ್ಪಾರ್ ರಸ್ತೆಯ 100ನೆಯ ಸಂಖ್ಯೆಯ ನಿವೇಶನದಲ್ಲಿ ಉಪೇಂದ್ರಕಿಶೋರರು ತಾವೇ ನಕ್ಷೆ ಬರೆದು ಕಟ್ಟಿಸಿದ ಮನೆಯಲ್ಲಿ ಸಂಸಾರ, ಮುದ್ರಣಾಲಯ, ಬ್ಲಾಕ್ ತಯಾರಿಕೆ ಎಲ್ಲವೂ ಒಟ್ಟಿಗೆ ನಡೆಯತೊಡಗಿದವು. ದೆವ್ವಗಳ ರಾಜನಿಂದ ವರ ಪಡೆಯುವ ಇಬ್ಬರು ಬೆಪ್ಪು ಸಂಗೀತಗಾರರ ಕಥೆಯಾದ ‘ಗೂಪಿ ಗಾಯಿನ್’ ಅನ್ನು ತಂದೆಯು ಈ ಪತ್ರಿಕೆಯಲ್ಲಿಯೇ 1915ರಲ್ಲಿ ತಮ್ಮ ಚಿತ್ರಗಳೊಂದಿಗೆ ಪ್ರಕಟಿಸಿದರು.

ಅದೇ ವರ್ಷದ ಡಿಸೆಂಬರ್ 20ರಂದು ಉಪೇಂದ್ರಕಿಶೋರರು ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 52 ವರ್ಷ. ಮುದ್ರಣಾಲಯದ ಆಡಳಿತ, ಪತ್ರಿಕೆಯ ಸಂಪಾದಕತ್ವ, ಸಂಸಾರದ ಹೊಣೆ ಎಲ್ಲವೂ 28 ವರ್ಷದ ಸುಕುಮಾರರ ಹೆಗಲೇರಿತು. ಅವರು ಪತ್ರಿಕೆಯನ್ನು ಒಂದು ಮನೋರಂಜನೆಯ ಸಾಧನವೆಂದಷ್ಟೇ ಭಾವಿಸಲಿಲ್ಲ. ಸಾಕ್ರೆಟಿಸ್, ಗೆಲಿಲಿಯೋ, ಲಿವಿಂಗ್‌ಸ್ಟನ್, ಫ್ಲಾರೆನ್ಸ್ ನೈಟಿಂಗೇಲ್ ಮುಂತಾದವರ ಜೀವನಗಳನ್ನೂ, ಯಂತ್ರಗಳ, ಪ್ರಾಣಿಗಳ, ಆಕಾಶದ ವಿಷಯಗಳನ್ನೂ ತಿಳಿಗನ್ನಡದಂತಹ ತಿಳಿಯಾದ ಬಂಗಾಳಿಯಲ್ಲಿ ತಿಂಗಳು ತಿಂಗಳೂ ಬರೆದರು. ಕ್ಲಾಸಿನಲ್ಲಿ ಎಲ್ಲರನ್ನೂ ಪೇಚಿಗೆ ಸಿಲುಕಿಸುವ ‘ಪಾಗ್ಲಾ ದಾಶು’ ಎಂಬ ಹುಚ್ಚು ಹುಡುಗನ ಕಥೆಗಳು ಹುಟ್ಟಿದ್ದೂ ಇಲ್ಲಿಯೇ. ಶಾಲಾಬಾಲಕರ ಮನಸ್ಸನ್ನು ಇಷ್ಟು ಚೆನ್ನಾಗಿ ಅರಿತವರು ಅಧ್ಯಾಪಕ ವರ್ಗದಲ್ಲಿಯೂ ವಿರಳ.

ಖಯಾಲಿನ ಲೋಕ

ಇದೇ ಪತ್ರಿಕೆಯ ಪುಟಗಳಲ್ಲಿ 1915ರಿಂದ ಅವರ ವಿಚಿತ್ರ ಪದ್ಯಗಳು ಕಾಣಿಸಿಕೊಳ್ಳತೊಡಗಿದವು. ಮೊದಲನೆಯದರಲ್ಲಿಯೇ ಬಾತುಕೋಳಿಯೂ ಮುಳ್ಳುಹಂದಿಯೂ ಸೇರಿ ಒಂದು ಪ್ರಾಣಿಯಾಯಿತು. ಆನೆಯೂ ತಿಮಿಂಗಿಲವೂ ಕೂಡಿ ಮತ್ತೊಂದಾಯಿತು. ಇದು ವ್ಯಾಕರಣದ ಸಂಧಿಯಂತೆಯೇ. ಎರಡು ಹೆಸರುಗಳ ತುದಿಮೊದಲುಗಳು ಕೂಡಿದರೆ ಎರಡು ದೇಹಗಳೂ ಕೂಡಿಬಿಡುತ್ತವೆ. ಓದಿದವನಿಗೆ ಇಂತಹುದು ಇರಲಾರದೆನಿಸುತ್ತದೆ. ಪಕ್ಕದ ಚಿತ್ರವನ್ನು ನೋಡಿದೊಡನೆ ಇದೆಯೆಂದು ನಂಬಿಕೆ ಬರುತ್ತದೆ. ಏಕೆಂದರೆ ಅವರು ಬರೆದ ಚಿತ್ರದಲ್ಲಿ ಆ ಪ್ರಾಣಿ ಎಲ್ಲಿಯೂ ಹೊಲಿಗೆ ಕಾಣದಂತೆ, ಹುಟ್ಟಿನಿಂದಲೇ ಹಾಗಿದ್ದಂತೆ, ಸಹಜವಾಗಿ ನಿಂತಿರುತ್ತದೆ.

ಭಯಾನಕವಾದುದನ್ನು ಅವರು ಹೇಗೆ ಪಳಗಿಸಿದರೆಂಬುದಕ್ಕೆ ಕೆಲವು ಪದ್ಯಗಳ ಸಾರವನ್ನು ಹೇಳಬಹುದು. ಒಂದರಲ್ಲಿ ಕೊಂಬುಳ್ಳ ಭೀಕರ ಜೀವಿಯೊಂದು ದಾರಿಹೋಕನಿಗೆ ಹೆದರಬೇಡವೆಂದು ಉಪಚಾರ ಹೇಳುತ್ತ ತನ್ನ ಗುಹೆಗೆ ಕರೆಯುತ್ತದೆ. ಆಶ್ವಾಸನೆ ಹೆಚ್ಚಾದಂತೆಲ್ಲ ಅವನ ನಡುಕವೂ ಹೆಚ್ಚಾಗುತ್ತದೆ. ಕಡೆಗೆ, ಇಷ್ಟು ಹೇಳಿದ ಮೇಲೂ ಹೆದರುವುದಾದರೆ ಹೆಂಡತಿ ಮತ್ತು ಒಂಬತ್ತು ಮಂದಿ ಗಂಡುಮಕ್ಕಳೊಡನೆ ಸೇರಿ ಕಚ್ಚುವುದಾಗಿ ಅದು ಬೆದರಿಸುತ್ತದೆ. ಇನ್ನೊಂದರಲ್ಲಿ ಬೆಳುದಿಂಗಳಿನಲ್ಲಿ ತಾಯಿದೆವ್ವವು ತನ್ನ ಮರಿದೆವ್ವವನ್ನು ಆಡಿಸುತ್ತದೆ. ಅದು ಮಗುವನ್ನು ಮುದ್ದಿಸುವ ಹೆಸರುಗಳೆಲ್ಲ ಮನುಷ್ಯರಿಗೆ ಬೈಗುಳ. ವಾತ್ಸಲ್ಯ ಮಾತ್ರ ನಮ್ಮ ಮನೆಯ ತಾಯಂದಿರದೇ. ಮತ್ತೊಂದರಲ್ಲಿ ಒಬ್ಬಾತ ನೆರಳುಗಳನ್ನು ಬೇಟೆಯಾಡಿ ಹಿಡಿಯುತ್ತಾನೆ. ಯಾವ ಮರದ ನೆರಳು ಯಾವ ರೋಗಕ್ಕೆ ಮದ್ದೆಂದು ವಿವರಿಸಿ, ಬಾಟಲಿಯೊಂದಕ್ಕೆ ಹದಿನಾಲ್ಕಾಣೆಯಂತೆ ಮಾರುತ್ತಾನೆ. ಕತ್ತಲಲ್ಲಿ ಬೆಚ್ಚಿಬೀಳಿಸುವ ನೆರಳು ಅಂಗಡಿಯ ಸರಕಾದ ಮೇಲೆ ಅದಕ್ಕೆ ಯಾರು ಹೆದರುವರು?

ದೊಡ್ಡವರ ಪ್ರಪಂಚವನ್ನೂ ಅವರು ಬಿಟ್ಟವರಲ್ಲ. ಶಿವನ ತವರಾದ ಒಂದು ನಾಡಿನಲ್ಲಿ ಕಾಲುಜಾರಿ ಬಿದ್ದವನಿಗೆ ಇಪ್ಪತ್ತೊಂದು ರೂಪಾಯಿ ದಂಡ. ಸಂಜೆ ಆರಕ್ಕೆ ಮುಂಚೆ ಸೀನಬೇಕಾದರೆ ಚೀಟಿ ಪಡೆಯಬೇಕು. ಪರಕೀಯರ ಕಾನೂನುಗಳ ಕಾಲದಲ್ಲಿ ಬಂಗಾಳದ ಹಿರಿಯರು ಈ ಪದ್ಯವನ್ನೋದಿ ಏನನ್ನು ನೆನೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ರಾಮಗರುಡನೆಂಬ ಜೀವಿಯ ಮರಿಗಳಿಗೆ ನಗುವುದೇ ನಿಷಿದ್ಧ. ಎಲ್ಲಿ ಯಾರು ನಗುತ್ತಾರೋ ಎಂಬ ಆತಂಕದಿಂದ ಅವು ನಿದ್ದೆಗೆಟ್ಟಿರುತ್ತವೆ. ನಗದವರನ್ನು ಬಂಗಾಳದಲ್ಲಿ ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ಕವಿಯೊಬ್ಬನ ಕಲ್ಪನೆ ನಿಘಂಟಿನ ಪದವಾಗುವುದಕ್ಕಿಂತ ದೊಡ್ಡ ಗೌರವ ಯಾವುದಿದ್ದೀತು?

ಗದ್ಯದಲ್ಲಿ ಅವರ ಶ್ರೇಷ್ಠ ಕೃತಿ ‘ಹ-ಜ-ಬ-ರ-ಲ’. ಹೆಸರೇ ಅರ್ಥವಿಲ್ಲದ ಅಕ್ಷರಮಾಲೆ. ಸೆಕೆಯ ದಿನ ಮರದಡಿಯಲ್ಲಿ ಮಲಗಿದ ಹುಡುಗನು ಬೆವರೊರೆಸಲು ಕರವಸ್ತ್ರಕ್ಕೆ ಕೈಚಾಚಿದರೆ ಅದು ಬೆಕ್ಕಾಗಿ ಮಿಯಾಂವ್ ಎನ್ನುತ್ತದೆ. ಅಲ್ಲಿಂದ ಮುಂದೆ ಸ್ಲೇಟು ಹಿಡಿದು ಲೆಕ್ಕ ಮಾಡುವ ಕಾಗೆ, ನಲವತ್ತು ತುಂಬಿದೊಡನೆ ವಯಸ್ಸನ್ನು ಹಿಂದಕ್ಕೆ ತಿರುಗಿಸಿಕೊಳ್ಳುವ ಮುದುಕ, ತಾನೇ ಕಲ್ಪಿಸಿಕೊಂಡ ಸಂಗತಿಗಳಿಗೆ ಬಿದ್ದುಬಿದ್ದು ನಗುವ ಹಿಜಿಬಿಜ್‌ಬಿಜ್, ಹೀಗೆ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ವ್ಯಾಕರಣ ಶಿಂಗ್ ಎಂಬ ಆಡು ವಿಶೇಷವಾಗಿ ಉಪಾಧ್ಯಾಯರಿಗೆ ಪ್ರಿಯವಾಗತಕ್ಕದ್ದು. ಅದು ಬ್ಯಾ ಎಂದು ಚೆನ್ನಾಗಿ ಕೂಗಬಲ್ಲುದಾದುದರಿಂದ ಬ್ಯಾಕರಣ, ಕೊಂಬುಗಳಿರುವುದರಿಂದ ಶಿಂಗ್. ಅದೇ ಬ್ಯಾ ಇಂಗ್ಲಿಷಿನಲ್ಲಿ ಬಿ.ಎ. ಪದವಿಯೂ ಆಯಿತು. ಕೊನೆಗೆ ಕಣ್ಣುಮುಚ್ಚಿ ತೂಕಡಿಸುವ ಗೂಬೆ ನ್ಯಾಯಾಧೀಶನಾಗಿ, ಏನೂ ಅರಿಯದವನೊಬ್ಬನಿಗೆ ಮೂರು ತಿಂಗಳ ಸೆರೆ ಹಾಗೂ ಏಳು ದಿನಗಳ ಗಲ್ಲುಶಿಕ್ಷೆ ವಿಧಿಸುತ್ತಾನೆ. ಎಚ್ಚರವಾದಾಗ ಹುಡುಗನ ಕಿವಿ ಸೋದರಮಾವನ ಕೈಯಲ್ಲಿರುತ್ತದೆ. ವ್ಯಾಕರಣ ಕಲಿಯುವ ನೆಪದಲ್ಲಿ ನಿದ್ರಿಸಿದನೆಂಬುದು ಆರೋಪ.

ಇಂಗ್ಲಿಷಿನ ಎಡ್ವರ್ಡ್ ಲಿಯರ್ ಮತ್ತು ಲೂಯಿ ಕ್ಯಾರಲ್ ಅವರ ಪ್ರೇರಣೆ ಇಲ್ಲಿ ಉಂಟು. ಆದರೆ ಬೆಳೆದ ಗಿಡ ಪೂರ್ಣವಾಗಿ ಬಂಗಾಳದ ಮಣ್ಣಿನದು. ತಮ್ಮ ಈ ಬಗೆಯ ಬರವಣಿಗೆ ಖಯಾಲ್ ರಸದ್ದು, ಆ ರಸ ಹಿಡಿಸದವರಿಗೆ ಇದು ಅಲ್ಲ ಎಂಬ ಅಭಿಪ್ರಾಯವನ್ನು ಸುಕುಮಾರರೇ ವ್ಯಕ್ತಪಡಿಸಿದ್ದಾರೆ. ನವರಸಗಳ ಪಟ್ಟಿಯಲ್ಲಿಲ್ಲದ ಈ ರಸಕ್ಕೆ ಹಾಸ್ಯ, ಅದ್ಭುತ, ಭಯಾನಕಗಳ ಮೂರರ ಪಾಕವೂ ಬೇಕಾಗುತ್ತದೆ.

ಕಡೆಯ ಎರಡೂವರೆ ವರ್ಷಗಳು

1921ರ ಮೇ 2ರಂದು ಸುಕುಮಾರ ದಂಪತಿಗಳಿಗೆ ಪುತ್ರೋತ್ಸವವಾಯಿತು. ಆ ಶಿಶುವೇ ಸತ್ಯಜಿತ್. ಅದೇ ವರ್ಷ ಸುಕುಮಾರರಿಗೆ ಕಾಲಾ ಅಜಾರ್ ಎಂಬ ಜ್ವರ ತಗುಲಿತು. ಮರಳುನೊಣದ ಕಡಿತದಿಂದ ಹರಡುವ ಈ ವ್ಯಾಧಿಯಲ್ಲಿ ಗುಲ್ಮ ಬೆಳೆದು, ರಕ್ತಹೀನತೆಯಾಗಿ, ರೋಗಿಯು ತಿಂಗಳುಗಟ್ಟಲೆ ಸವೆದುಹೋಗುತ್ತಾನೆ. ಅದೇ ಕಲ್ಕತ್ತೆಯ ಕ್ಯಾಂಬೆಲ್ ಆಸ್ಪತ್ರೆಯಲ್ಲಿ ವೈದ್ಯವಿಜ್ಞಾನಿ ಉಪೇಂದ್ರನಾಥ ಬ್ರಹ್ಮಚಾರಿಯವರು ಅದೇ ವರ್ಷಗಳಲ್ಲಿ ಈ ರೋಗಕ್ಕೆ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಕಂಡುಹಿಡಿದರು. ಮುಂದೆ ಲಕ್ಷಾಂತರ ಜನರ ಪ್ರಾಣವನ್ನುಳಿಸಿದ ಆ ಮದ್ದು ಬಳಕೆಗೆ ಬರುವುದರೊಳಗೆ ಸುಕುಮಾರರ ಕಾಲ ಮುಗಿಯಿತು.

ತಾವು ಉಳಿಯುವುದಿಲ್ಲವೆಂಬುದು ಸುಕುಮಾರರಿಗೆ ತಿಳಿದಿತ್ತು. ತಿಳಿದ ಮೇಲೆ ಅವರು ಮಾಡಿದ್ದೇನು? ಕೆಲಸ ಮಾಡಿದರು. ‘ಹ-ಜ-ಬ-ರ-ಲ’ ಪತ್ರಿಕೆಯಲ್ಲಿ ಬೆಳಕು ಕಂಡುದು ಈ ಕಾಯಿಲೆಯ ಕಾಲದಲ್ಲಿ. ಕಾರಕೋರಂ ಪರ್ವತಗಳ ಕಡೆಗೆ ಹೋಗಿ ಹಿಂದೆಂದೂ ಕಾಣದ ಪ್ರಾಣಿಗಳನ್ನು ನೋಡಿ ಬಂದ ಹೇಶೋರಾಮ್ ಹುಶಿಯಾರ್ ಎಂಬ ಪಂಡಿತನ ದಿನಚರಿ ಬಂದುದೂ ಆಗಲೇ. ಅದರಲ್ಲಿ ಸದಾ ಮುಖ ಗಂಟಿಕ್ಕಿಕೊಂಡಿರುವ ಪ್ರಾಣಿಗೆ ಗೋಮ್ರಾಥೀರಿಯಂ ಎಂದೂ, ಅರಚುವುದಕ್ಕೆ ಚಿಲ್ಲಾನೋಸಾರಸ್ ಎಂದೂ ಶಾಸ್ತ್ರೀಯ ನಾಮಕರಣ ನಡೆದಿದೆ. ಹಾಸಿಗೆ ಹಿಡಿದವರೊಬ್ಬರು ಜ್ವರದ ನಡುವೆ ಇದನ್ನು ಬರೆದರೆಂದು ಓದುವ ಮಗುವಿಗೆ ಎಲ್ಲಿಯೂ ಗೊತ್ತಾಗುವುದಿಲ್ಲ.

ಪದ್ಯಗಳನ್ನೆಲ್ಲ ಒಂದು ಪುಸ್ತಕವಾಗಿ ತರುವ ಸಿದ್ಧತೆಯೂ ನಡೆಯಿತು. ‘ಆಬೋಲ್ ತಾಬೋಲ್’ ಎಂದು ಅದರ ಹೆಸರು. ಅಸಂಬದ್ಧ ಪ್ರಲಾಪ ಎಂದರ್ಥ. ಪದ್ಯಗಳನ್ನು ತಿದ್ದುವುದು, ಪುಟಗಳ ಅಳತೆ ಗೊತ್ತುಮಾಡುವುದು, ಚಿತ್ರಗಳನ್ನು ಹೊಸದಾಗಿ ಬರೆಯುವುದು, ಮುಖಪುಟದ ಬಣ್ಣಗಳು, ಎಲ್ಲವನ್ನೂ ಹಾಸಿಗೆಯಲ್ಲಿಯೇ ಒರಗಿ ಮಾಡಿದರು. ಗಂಗಾತೀರದ ಸೋದಪುರದಲ್ಲಿ ಹವಾಬದಲಾವಣೆಗೆಂದು ಇದ್ದಾಗ ತಂದೆಯವರು ಕಿಟಕಿಯ ಪಕ್ಕದಲ್ಲಿ ಕುಳಿತು ಚಿತ್ರ ಬರೆಯುತ್ತಿದ್ದುದು, ನದಿಯಲ್ಲಿ ಹೋಗುತ್ತಿದ್ದ ಹಡಗನ್ನು ತೋರಿಸಿದ್ದು, ಇಷ್ಟೇ ತಂದೆಯ ವಿಷಯದಲ್ಲಿ ಸತ್ಯಜಿತ್ ರಾಯ್ ಅವರಿಗೆ ಉಳಿದ ನೆನಪು.

1923ರ ಆಗಸ್ಟ್ ಕೊನೆಯಲ್ಲಿ ರವೀಂದ್ರರು ರೋಗಿಯನ್ನು ಕಾಣಲು ಗಾರ್ಪಾರಿನ ಮನೆಗೆ ಬಂದು, ಸುಕುಮಾರರ ಬಯಕೆಯಂತೆ ಹಾಸಿಗೆಯ ಬಳಿ ಕುಳಿತು ತಮ್ಮ ಗೀತೆಗಳನ್ನು ಹಾಡಿದರು. ಸೆಪ್ಟೆಂಬರ್ 10ರಂದು ಸುಕುಮಾರರು ಕಣ್ಣುಮುಚ್ಚಿದರು. ಒಂಬತ್ತು ದಿನಗಳ ತರುವಾಯ, 19ರಂದು, ‘ಆಬೋಲ್ ತಾಬೋಲ್’ ಹೊರಬಂದಿತು. ತಮ್ಮ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ಅವರಿಗೆ ಒದಗಲಿಲ್ಲ. ಅದರ ಕಟ್ಟಕಡೆಯ ಪದ್ಯ ಈ ದಿನಗಳಲ್ಲಿಯೇ ರಚಿತವಾದುದು. ಅದರಲ್ಲಿಯೂ ಎಂದಿನ ಹುಚ್ಚಾಟ, ಎಂದಿನ ಪ್ರಾಸ. ಕೊನೆಯ ಸಾಲುಗಳಲ್ಲಿ ಮಾತ್ರ ನಿದ್ರೆ ಕವಿಯುವ, ಹಾಡು ಮುಗಿಯುವ ಸೂಚನೆ ಮೆಲ್ಲನೆ ಸುಳಿಯುತ್ತದೆ. ಅದು ಸಾವಿನ ಮಾತೆಂದು ಹಿರಿಯ ಓದುಗ ತಡವಾಗಿ ಅರಿತು ಸ್ತಬ್ಧನಾಗುತ್ತಾನೆ. ಮಗು ನಗುತ್ತ ಪುಟ ಮಗುಚುತ್ತದೆ. ಆ ನಗುವೇ ಕವಿಗೆ ಬೇಕಾಗಿದ್ದುದು. ಮರಣವನ್ನು ಎದುರಿಗಿಟ್ಟುಕೊಂಡು ಬಾಳನ್ನು ಹೀಗೆ ಕೊಂಡಾಡಿದ ಅಲ್ಪಾಯುಷಿಯನ್ನು ತಾವು ಬೇರೆ ಕಂಡಿಲ್ಲವೆಂಬ ಭಾವವನ್ನು ರವೀಂದ್ರರು ಶಾಂತಿನಿಕೇತನದ ಪ್ರಾರ್ಥನಾ ಸಭೆಯಲ್ಲಿ ವ್ಯಕ್ತಪಡಿಸಿದರು.

ಉಳಿದದ್ದು

ಸುಕುಮಾರರ ನಿಧನಾನಂತರ ಕೆಲವೇ ವರ್ಷಗಳಲ್ಲಿ ‘ಯು. ರಾಯ್ ಅಂಡ್ ಸನ್ಸ್’ ದಿವಾಳಿಯಾಯಿತು. ‘ಸಂದೇಶ’ ನಿಂತಿತು. ಗಾರ್ಪಾರಿನ ಮನೆಯೂ ಕೈಬಿಟ್ಟಿತು. ಸುಪ್ರಭಾ ದೇವಿಯವರು ಎಳೆಯ ಮಗನೊಡನೆ ಸಹೋದರನ ಮನೆಯನ್ನು ಸೇರಿ, ವಿಧವೆಯರ ಸಂಸ್ಥೆಯೊಂದರಲ್ಲಿ ಹೊಲಿಗೆ ಕಲಿಸುತ್ತ ಮಗನನ್ನು ಸಾಕಿದರು. ಮುದ್ರಣದ ಯಂತ್ರಗಳು ಸದ್ದು ಮಾಡುತ್ತಿದ್ದ ಆ ಗಾರ್ಪಾರಿನ ಕಟ್ಟಡದಲ್ಲಿ ಮುಂದೆ ಶಾಲೆಯೊಂದು ನಡೆಯಿತೆಂಬುದು ಸಮಾಧಾನದ ಸಂಗತಿ.

ಆದರೆ ಪುಸ್ತಕಗಳು ಉಳಿದವು. ‘ಹ-ಜ-ಬ-ರ-ಲ’ 1924ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ‘ಪಾಗ್ಲಾ ದಾಶು’ 1940ರಲ್ಲಿ ರವೀಂದ್ರರ ಮುನ್ನುಡಿಯೊಡನೆ ಪ್ರಕಟವಾಯಿತು. 1961ರಲ್ಲಿ ಸತ್ಯಜಿತ್ ರಾಯ್ ಅವರು ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆಗೂಡಿ ‘ಸಂದೇಶ’ಕ್ಕೆ ಮರುಜೀವವಿತ್ತರು, ಅಜ್ಜನ ದೆವ್ವಗಳ ಕಥೆಯನ್ನು ಚಲನಚಿತ್ರವನ್ನಾಗಿ ಮಾಡಿ 1969ರಲ್ಲಿ ತೆರೆಗೆ ತಂದರು. ತಂದೆಯ ಜನ್ಮಶತಾಬ್ದಿಯ 1987ರಲ್ಲಿ ಅವರ ಕುರಿತು ಸಾಕ್ಷ್ಯಚಿತ್ರವನ್ನು ನಿರ್ಮಿಸಿದರು. ‘ಆಬೋಲ್ ತಾಬೋಲ್’ ಪ್ರಕಟವಾಗಿ 2023ಕ್ಕೆ ನೂರು ವರ್ಷ ತುಂಬಿದಾಗಲೂ ಅದು ಹಳೆಯ ಪುಸ್ತಕವೆನಿಸಿರಲಿಲ್ಲ. ಬಂಗಾಳದ ಮಕ್ಕಳು ಅದನ್ನು ಓದುತ್ತಲೇ ಇದ್ದರು.

ಸುಕುಮಾರರ ಕಾಲದಲ್ಲಿಯೇ ನಮ್ಮ ದಕ್ಷಿಣ ಕನ್ನಡದಲ್ಲಿ ಪಂಜೆ ಮಂಗೇಶರಾಯರು ಮಕ್ಕಳಿಗೆ ಹಾಡುಕಥೆಗಳನ್ನು ರಚಿಸುತ್ತಿದ್ದರು. ಆಗ ಕಾಸರಗೋಡು ಅದೇ ಜಿಲ್ಲೆಯ ತಾಲೂಕು. ಪಂಜೆಯವರ ಹಾವಿನ ಪದ್ಯವನ್ನು ಕಲಿತ ನಮ್ಮ ಹಿರಿಯರಿಗೆ ಹೆಡೆಯೆತ್ತಿದ ಹಾವೂ ಸ್ನೇಹಿತನಂತೆ ಕಂಡಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಅರಿತವರಲ್ಲ. ಅರಿತದ್ದು ಮಗುವಿನ ಮನಸ್ಸನ್ನು.

1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಗಡಿನಾಡಿನ ಕನ್ನಡದ ಉಳಿವಿಗಾಗಿ ಅನೇಕ ಮಹನೀಯರು ಶ್ರಮಿಸಿದ್ದಾರೆ. ಮನವಿಗಳು ಬೇಕು, ಸಭೆಗಳು ಬೇಕು, ಪಾಠಪುಸ್ತಕಗಳು ಸಕಾಲದಲ್ಲಿ ಬರಬೇಕು. ಇವೆಲ್ಲವೂ ಶಾಲೆಯ ಬಾಗಿಲನ್ನು ತೆರೆದಿಡುತ್ತವೆ. ಒಳಗೆ ಬಂದ ಮಗು ಆ ಭಾಷೆಯಲ್ಲಿ ಉಳಿಯಬೇಕಾದರೆ ಅದರಲ್ಲಿ ಒಮ್ಮೆಯಾದರೂ ಹೊಟ್ಟೆತುಂಬ ನಕ್ಕಿರಬೇಕು, ಒಮ್ಮೆಯಾದರೂ ಹಿತವಾಗಿ ಹೆದರಿರಬೇಕು. ಪರೀಕ್ಷೆಗಾಗಿ ಕಲಿತ ಭಾಷೆ ಪರೀಕ್ಷೆಯೊಡನೆ ಮುಗಿಯುತ್ತದೆ. ಗೂಬೆಯ ನ್ಯಾಯಾಲಯವನ್ನೂ ಬೆಳುದಿಂಗಳ ಮರಿದೆವ್ವವನ್ನೂ ಕಾಣಿಸಿದ ಭಾಷೆಯನ್ನು ಯಾವ ಮಗು ತಾನೇ ಬಿಟ್ಟುಕೊಟ್ಟೀತು?

ಆದುದರಿಂದ ಈ ಶಾಲೆಯಲ್ಲಿ ಕಲಿತು ಈಗ ತಂದೆತಾಯಿಗಳೂ ಅಜ್ಜಅಜ್ಜಿಯರೂ ಆಗಿರುವವರಲ್ಲಿ ಒಂದು ವಿನಂತಿ. ರಾತ್ರಿ ದೀಪವಾರಿಸುವ ಮೊದಲು ಮಕ್ಕಳಿಗೆ ಕನ್ನಡದಲ್ಲಿ ಒಂದು ಗುಮ್ಮನ ಕಥೆಯನ್ನು ಹೇಳಿರಿ. ಗುಮ್ಮನ ಕಾಲಿಗೆ ಮುಳ್ಳು ಚುಚ್ಚಲಿ, ಅವನಿಗೆ ನೆಗಡಿಯಾಗಲಿ, ಅವನ ಹೆಂಡತಿ ಅವನನ್ನು ಗದರಿಸಲಿ. ಮಗುವಿನ ಕೈಗೊಂದು ಬಳಪವನ್ನು ಕೊಟ್ಟು ಆ ಗುಮ್ಮನ ಚಿತ್ರವನ್ನು ಬರೆಯಲು ಹೇಳಿರಿ. ಚಿತ್ರ ಹೇಗೆ ಬಂದರೂ ಸರಿಯ. ಮುಂದಿನ ಐವತ್ತು ವರ್ಷಗಳ ಕನ್ನಡಕ್ಕೆ ಅದೂ ಒಂದು ಅಡಿಗಲ್ಲಾದೀತು.